ಹಿತ್ತಾಳೆ ಕಾಣುವ ತನಕ

2015ರಲ್ಲಿ ಲೈಕಾ ಕಂಪನಿ ಒಂದು ವಿಚಿತ್ರ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದ ರಾಕ್ ಗಾಯಕ ಲೆನ್ನಿ ಕ್ರಾವಿಟ್ಜ್ ವಿನ್ಯಾಸ ಮಾಡಿದ ಅದರ ಹೆಸರು ‘ಕರೆಸ್ಪಾಂಡೆಂಟ್’. ಹೊಚ್ಚ ಹೊಸ ಕ್ಯಾಮೆರಾದ ಕಪ್ಪು ಬಣ್ಣವನ್ನು ಮೂಲೆಮೂಲೆಯಲ್ಲಿ ಕೈಯಿಂದ ಉಜ್ಜಿ, ಒಳಗಿನ ಹಿತ್ತಾಳೆ ಇಣುಕುವಂತೆ ಮಾಡಿ, ನಾಲ್ಕಾರು ಯುದ್ಧ ಕಂಡು ಬಂದ ಯಂತ್ರದ ವೇಷ ಹಾಕಿಸಿದ್ದರು. ಇಡೀ ಜಗತ್ತಿಗೆ ತಯಾರಾದದ್ದು 125 ಸೆಟ್. ಎರಡು ಲೆನ್ಸ್ ಸೇರಿ ಬೆಲೆ 20,000 ಡಾಲರಿಗೂ ಮೇಲೆ. ಹೊಸ ಜೀನ್ಸನ್ನು ಮೊಣಕಾಲಿನ ಬಳಿ ಹರಿದು ಮಾರುವವರೂ ಈ ಲೆಕ್ಕ ಕೇಳಿದರೆ ಕೈಮುಗಿದಾರು.

ನಗು ಬರುತ್ತದೆ, ನಿಜ. ಆದರೆ ಕಂಪನಿಗೆ ತನ್ನ ಗಿರಾಕಿಯ ಗುಟ್ಟು ಗೊತ್ತಿತ್ತು. ಸವೆದ ಕ್ಯಾಮೆರಾದ ಗತ್ತು ಅವನಿಗೆ ಬೇಕು, ಕೈಯಾರೆ ಸವೆಸಲು ಜೀವ ಬರುವುದಿಲ್ಲ. ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನೂ ಹೊಸ ಕಾರಿನ ಸೀಟಿನ ಹಾಳೆಯನ್ನೂ ವರ್ಷ ಕಳೆದರೂ ತೆಗೆಯದ ಮನೆಗಳು ನಮ್ಮಲ್ಲಿ ಕಡಿಮೆಯೇ? ಅಂಥಲ್ಲಿ ಲಕ್ಷಗಟ್ಟಲೆ ಸುರಿದು ತಂದ ಕ್ಯಾಮೆರಾ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಮಲಗುತ್ತದೆ. ಮಗುವಿನ ನಾಮಕರಣಕ್ಕೆ ಎದ್ದು ಬಂದದ್ದು, ಮತ್ತೆ ಏಳುವುದು ಚಿಕ್ಕಪ್ಪನ ಗೃಹಪ್ರವೇಶಕ್ಕೆ.

ನಿಜವಾದ ಸವೆತ ನೋಡಬೇಕೆನ್ನುವವರು ನ್ಯೂಯಾರ್ಕಿನ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ಬಳಸಿದ ಲೈಕಾ ಎಂ4 ಕ್ಯಾಮೆರಾದ ಫೋಟೊ ಹುಡುಕಬೇಕು. ಹೊರಮೈ ಸವೆದಿರುವುದು ದೊಡ್ಡ ಸಂಗತಿಯಲ್ಲ. ಹಿಂಬದಿ ತೆರೆದರೆ, ಫಿಲ್ಮನ್ನು ಸಮತಟ್ಟಾಗಿ ಒತ್ತಿ ಹಿಡಿಯುವ ಲೋಹದ ಫಲಕದ ಮೇಲೆ ಫಿಲ್ಮಿನ ಅಂಚಿನ ತೂತುಗಳ ಗುರುತು ಅಚ್ಚೊತ್ತಿ ಕೂತಿದೆ. ಮೆತ್ತನೆಯ ಫಿಲ್ಮು ಲೋಹವನ್ನು ಹೀಗೆ ತೇಯಬೇಕಾದರೆ ಅದೆಷ್ಟು ಸುರುಳಿ ಅದರ ಮೇಲೆ ಹಾದಿರಬೇಕು! 1984ರಲ್ಲಿ ಆತ ತೀರಿಕೊಂಡಾಗ ಡೆವಲಪ್ ಮಾಡದೆ ಉಳಿದಿದ್ದ ಫಿಲ್ಮೇ ಸುಮಾರು 2,500 ರೋಲು. ರೋಲಿಗೆ 36ರಂತೆ ಲೆಕ್ಕ ಹಿಡಿದರೆ, ತೆಗೆದವನೇ ನೋಡದ 90,000 ಚಿತ್ರಗಳು. ಇಷ್ಟು ಕ್ಲಿಕ್ಕಿಸಿದವನಿಗೆ ಮೂಲೆ ನೆಗ್ಗಿತೇ, ಗೀರು ಬಿತ್ತೇ ಎಂದು ತಿರುಗಿಸಿ ನೋಡಲು ಪುರುಸೊತ್ತಾದರೂ ಎಲ್ಲಿತ್ತು?

ಇನ್ನೊಂದು ಕ್ಯಾಮೆರಾ ಇನ್ನೂ ದೊಡ್ಡ ಪೆಟ್ಟು ತಿಂದಿದೆ. ಬ್ರಿಟಿಷ್ ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್ 1970ರಲ್ಲಿ ಕಾಂಬೋಡಿಯದಲ್ಲಿದ್ದಾಗ ಎಕೆ-47ರ ಗುಂಡೊಂದು ಬಂದು ಬಡಿದದ್ದು ಅವರ ನಿಕಾನ್ ಎಫ್‌ಗೆ. ಕ್ಯಾಮೆರಾ ಹೋಯಿತು, ಹಿಡಿದವರು ಉಳಿದರು. 2019ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಮೆಕಲಿನ್ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ, ಆ ತೂತುಬಿದ್ದ ನಿಕಾನ್ ಕೂಡ ಗಾಜಿನ ಪೆಟ್ಟಿಗೆಯಲ್ಲಿ ಕೂತು ಜನರನ್ನು ನೋಡುತ್ತಿತ್ತು.

ಹಾಗಂತ ಕ್ಯಾಮೆರಾ ಬಿದ್ದರೆ ಏನೂ ಆಗುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಬಿದ್ದ ಪೆಟ್ಟು ಎಲ್ಲಿ ಕೂತಿತು ಎಂಬುದೇ ಇಲ್ಲಿ ಮುಖ್ಯ. ಕಣ್ಣಿಗೆ ಕಾಣುವ ನೆಗ್ಗು ಎಷ್ಟೋ ಸಲ ನಿರಪಾಯಕಾರಿ. ಕಾಣದೇ ಇರುವುದೇ ಕಾಡುತ್ತದೆ.

ಲೋಹಕ್ಕೊಂದು ಸ್ವಭಾವ. ಹಳೆಯ ಲೈಕಾಗಳ ಮೇಲ್ಮುಚ್ಚಳ ಹಿತ್ತಾಳೆಯದು. ಅಜ್ಜಿಯ ಚೆಂಬಿನ ಹಾಗೆ ನೆಗ್ಗುತ್ತದೆ, ಒಡೆಯುವುದಿಲ್ಲ. ದುಬಾರಿ ಡಿಜಿಟಲ್ ಕ್ಯಾಮೆರಾಗಳ ಮೆಗ್ನೀಸಿಯಂ ಮಿಶ್ರಲೋಹ ಹಗುರ, ಗಟ್ಟಿ. ಅದು ನೆಗ್ಗುವ ಜಾತಿಯಲ್ಲ, ಪೆಟ್ಟು ಮಿತಿ ಮೀರಿದರೆ ಸೀಳುತ್ತದೆ. ಜನ ಮೂಗು ಮುರಿಯುವ ಪ್ಲಾಸ್ಟಿಕ್ಕು, ಅಂದರೆ ಪಾಲಿಕಾರ್ಬೊನೇಟ್, ಸ್ವಲ್ಪ ಬಾಗಿ ಮತ್ತೆ ಮೊದಲಿನಂತಾಗುವುದರಿಂದ ಸಣ್ಣಪುಟ್ಟ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಹಿತ್ತಾಳೆಯ ಮೋಹದವರು ತಿಳಿದಿರಬೇಕಾದ ಮಾತೊಂದಿದೆ: 2022ರಲ್ಲಿ ಬಂದ ಲೈಕಾ ಎಂ11ರ ಬೆಳ್ಳಿ ಬಣ್ಣದ ಮಾದರಿಯ ಮುಚ್ಚಳ ಹಿತ್ತಾಳೆ, ತೂಕ 640 ಗ್ರಾಂ. ಸಾಮಾನ್ಯ ಕಪ್ಪು ಮಾದರಿಯ ಮುಚ್ಚಳ ಅಲ್ಯೂಮಿನಿಯಂ, ತೂಕ 530 ಗ್ರಾಂ. ಕಪ್ಪನ್ನು ಕೊಂಡವರು ಜೀವಮಾನವಿಡೀ ಉಜ್ಜಿದರೂ ಅಲ್ಲಿ ಹಿತ್ತಾಳೆ ಕಾಣುವುದಿಲ್ಲ.

ಕಾಣದ ಪೆಟ್ಟು ಕೂರುವುದು ಲೆನ್ಸ್ ಜೋಡಿಸುವ ಬಳೆಯಲ್ಲಿ. ಆ ಬಳೆಯಿಂದ ಫಿಲ್ಮು ಅಥವಾ ಸೆನ್ಸರಿನವರೆಗಿನ ದೂರ ಲೈಕಾ ಎಂ ಕ್ಯಾಮೆರಾಗಳಲ್ಲಿ 27.80 ಮಿಲಿಮೀಟರ್, ನಿಕಾನ್ ಎಫ್ ಕ್ಯಾಮೆರಾಗಳಲ್ಲಿ 46.50. ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಮಂಜಾಗಿ ಬರುತ್ತದೆ. ಪರೀಕ್ಷೆಗೆ ಪ್ರಯೋಗಾಲಯ ಬೇಡ. ಗಾರೆ ಮಾಡದ ಇಟ್ಟಿಗೆ ಗೋಡೆಯೊಂದರ ಎದುರು ನೇರಕ್ಕೆ ಕ್ಯಾಮೆರಾ ನಿಲ್ಲಿಸಿ, ಲೆನ್ಸಿನ ಕಿಂಡಿ ಪೂರ್ತಿ ತೆರೆದು ಒಂದು ಚಿತ್ರ ತೆಗೆದು, ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿದರೆ ಸಾಕು. ರೇಂಜ್‌ಫೈಂಡರ್ ಇರುವ ಲೈಕಾ ಆದರೆ ದೂರದ ಮೊಬೈಲ್ ಟವರನ್ನು ನೋಡಬೇಕು. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿದಾಗ, ನೋಡುಕಿಂಡಿಯಲ್ಲಿ ಎರಡಾಗಿ ಕಾಣುತ್ತಿದ್ದ ಟವರು ಒಂದಾಗಬೇಕು. ಎರಡಾಗಿಯೇ ಉಳಿದರೆ ರಿಪೇರಿಯವರ ಬಳಿ ಹೋಗದೆ ವಿಧಿಯಿಲ್ಲ.

ಬಿದ್ದ ಕೂಡಲೇ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು, ಒಣಗಿದ ತೆಂಗಿನಕಾಯಿಯ ಹಾಗೆ ಅಲ್ಲಾಡಿಸಿ ನೋಡುವವರಿದ್ದಾರೆ. ಒಳಗೆ ಲೊಡಲೊಡ ಎಂದರೆ ಎದೆ ಧಸಕ್ಕೆನ್ನುತ್ತದೆ. ಕೈನಡುಕ ತಡೆಯಲೆಂದು ಸೆನ್ಸರನ್ನೇ ತೇಲಿಬಿಟ್ಟಿರುವ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು, ಸ್ವಿಚ್ ಆಫ್ ಇದ್ದಾಗ ಕೊಂಡ ದಿನವೂ ಹಾಗೇ ಸದ್ದು ಮಾಡುತ್ತಿದ್ದವು. ಅಂದು ಅಲ್ಲಾಡಿಸಿರಲಿಲ್ಲ, ಅಷ್ಟೇ.

ರಕ್ಷಣೆಗೆಂದು ಲೆನ್ಸಿನ ಮುಂದೆ ಯುವಿ ಫಿಲ್ಟರ್ ಹಾಕುವ ಪದ್ಧತಿ ಬಗ್ಗೆಯೂ ಒಂದು ಮಾತು. ಲೆನ್ಸು ಮುಖ ಕೆಳಗಾಗಿ ಬಿದ್ದಾಗ ಫಿಲ್ಟರಿನ ತೆಳು ಗಾಜು ಮೊದಲು ಪುಡಿಯಾಗುತ್ತದೆ, ಚೂರುಗಳು ಒಳಗಿನ ಗಾಜಿಗೇ ಗೀರು ಹಾಕಬಹುದು. ನೆಗ್ಗಿದ ಬಳೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಸಮುದ್ರದ ದಂಡೆ, ಹೋಳಿಯ ಓಕುಳಿ, ದೂಳೆದ್ದ ಜಾತ್ರೆ ಇಲ್ಲೆಲ್ಲ ಫಿಲ್ಟರ್ ಇರಲಿ. ಬೀಳುವ ಭಯಕ್ಕಾದರೆ ಲೆನ್ಸ್ ಹುಡ್ ಅದಕ್ಕಿಂತ ಮೇಲು. ಪೆಟ್ಟನ್ನು ತಾನು ತಿಂದು, ಮುರಿದರೆ ತಾನೊಂದೇ ಮುರಿಯುತ್ತದೆ. ಅಂದ ಹಾಗೆ, ಕ್ಯಾಮೆರಾ ಬೀಳಲು ಬೆಟ್ಟ ಹತ್ತಬೇಕಾಗಿಲ್ಲ. ಜಿಪ್ ಹಾಕದ ಬ್ಯಾಗು, ಊಟದ ಮೇಜಿನಿಂದ ಜೋತಾಡುವ ಪಟ್ಟಿ, ಬ್ರೇಕ್ ಹಾಕಿದ ಕಾರಿನ ಸೀಟು ಸಾಕು.

ನೆಲಕ್ಕೆ ಬಿದ್ದು ಕೆಟ್ಟದ್ದಕ್ಕಿಂತ ಬೀರುವಿನಲ್ಲಿ ಕೂತು ಕೆಟ್ಟ ಕೇಸುಗಳು ನಮ್ಮ ಕಡೆ ಏನೂ ಕಡಿಮೆಯಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯನ್ನಂತೂ ಬಿಡಿ, ಮಡಿಕೇರಿ, ತೀರ್ಥಹಳ್ಳಿ, ಮಂಗಳೂರಿನಲ್ಲೂ ಮಳೆಗಾಲ ಬಂತೆಂದರೆ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೂ ಅದೇ ಬೂಷ್ಟು. ಗಾಳಿಯಲ್ಲಿ ತೇವ ಶೇ 60 ದಾಟಿ, ಕತ್ತಲೂ ಜೊತೆಯಾದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ತುಂಬ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿಂದು, ತೊಳೆದರೂ ಹೋಗದ ಕಲೆ ಉಳಿಸುತ್ತವೆ. ಚಂದದ ಚರ್ಮದ ಕೇಸು ತೇವ ಹೀರಿ ಹಿಡಿದು ಇದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಬಳಸದ ಲೆನ್ಸುಗಳಲ್ಲಿ ಗ್ರೀಸು ಗಟ್ಟಿಯಾಗಿ ಫೋಕಸ್ ಬಳೆ ಬಿಗಿಯುವುದು ಬೇರೆ. ವಾರಕ್ಕೊಮ್ಮೆ ಬಿಸಿಲು, ಗಾಳಿ ಕಾಣುವ, ಮೂಲೆ ನೆಗ್ಗಿದ ಕ್ಯಾಮೆರಾಕ್ಕೆ ಈ ರೋಗ ಬರುವುದು ಅಪರೂಪ.

ಮರುಮಾರಾಟದ ಬೆಲೆ ಕುಸಿಯುತ್ತದಲ್ಲ ಎನ್ನುವವರ ಅಳಲು ಸುಳ್ಳಲ್ಲ. ಸಂಗ್ರಾಹಕರು ಒಂದು ನೆಗ್ಗು ಕಂಡರೂ ಬೆಲೆ ಇಳಿಸುತ್ತಾರೆ. ಆದರೂ 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ 1.44 ಕೋಟಿ ಯೂರೊಗೆ ಹರಾಜಾಗಿ ದಾಖಲೆ ಬರೆದ ಲೈಕಾ ಸೊನ್ನೆ ಸರಣಿಯ 105ನೇ ಕ್ಯಾಮೆರಾ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದಲ್ಲ. ಅದನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸ್ವತಃ ಕೈಯಲ್ಲಿ ಹಿಡಿದು ಫೋಟೊ ತೆಗೆದದ್ದು.

ಈ ಭಾನುವಾರ ಬೀರು ತೆರೆದು ಕ್ಯಾಮೆರಾ ಈಚೆ ತೆಗೆಯಿರಿ. ಲೆನ್ಸ್ ಬಿಚ್ಚಿ, ಕಿಂಡಿ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಾಯಿಸಿ ನೋಡಿ. ಎಳೆ ಕಂಡರೆ ಸೋಮವಾರವೇ ರಿಪೇರಿಗೆ ಒಯ್ಯಿರಿ. ಕಾಣದಿದ್ದರೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಮಾರ್ಕೆಟ್ಟಿನ ಕಡೆ ನಡೆಯಿರಿ, ಬೆಳಗ್ಗೆ ಎಂಟರೊಳಗೆ ಅಲ್ಲಿ ಬೆಳಕು ಚೆನ್ನಾಗಿರುತ್ತದೆ.