ಜಗನ್ನಾಥನ ಕೋಪ ಯಾರ ಮೇಲೆ?

ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973) ಕಾದಂಬರಿಯನ್ನು ದೇವಸ್ಥಾನ ಪ್ರವೇಶದ ಹೋರಾಟದ ಕಥೆಯೆಂದು ಓದಿದರೆ ಅದು ಗುರಿಮುಟ್ಟದ ಹೋರಾಟದಂತೆ ಕಾಣುತ್ತದೆ. ಒಬ್ಬ ವಿಚಾರವಂತನ ತಿಳಿವಳಿಕೆಗೂ ಅವನ ಮೈಗಂಟಿದ ಸಂಸ್ಕಾರಕ್ಕೂ ನಡೆಯುವ ಜಗಳವೆಂದು ಓದಿದಾಗಲೇ ಅದರ ಬಲ ತಿಳಿಯುವುದು. ಅದರ ಕೊರತೆ ಕಾಣುವುದೂ ಆಗಲೇ.

ಇಂಗ್ಲೆಂಡಿನಿಂದ ಮಲೆನಾಡಿನ ತನ್ನೂರಿಗೆ ಮರಳಿದ ಜಮೀನ್ದಾರ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಕ್ಕೆ ಕರೆದೊಯ್ಯಲು ಹೊರಡುತ್ತಾನೆ. ಅದಕ್ಕೆ ಮೊದಲು ಮನೆದೇವರ ಸಾಲಿಗ್ರಾಮವನ್ನು ಹೊರಗೆ ತಂದು ಅವರಿಂದ ಮುಟ್ಟಿಸಲು ನೋಡುತ್ತಾನೆ. ಇದು ಬರೀ ಕಲ್ಲು ಎಂಬುದು ಅವನ ವಾದ. ಬರೀ ಕಲ್ಲಾಗಿದ್ದರೆ ಮುಟ್ಟಿಸಲು ಇಷ್ಟು ಹಟವೇಕೆ? ಕಲ್ಲು ಕಲ್ಲು ಎನ್ನುತ್ತಲೇ ಅವನು ಅದಕ್ಕೆ ಮಹಿಮೆ ತುಂಬುತ್ತಿದ್ದಾನೆ. ಬುದ್ಧಿ ಅಲ್ಲಗಳೆದ ದೇವರು ಒಳಗೆಲ್ಲೋ ಇನ್ನೂ ಕೂತಿದ್ದಾನೆ.

ದಲಿತರು ಹಿಂಜರಿದಾಗ ಜಗನ್ನಾಥನಿಗೆ ಬರುವುದು ಮರುಕವಲ್ಲ, ಸಿಟ್ಟು. ತಾನು ಬಿಡುಗಡೆ ಮಾಡಲು ಹೊರಟ ಜನರ ಮೇಲೆಯೇ ಧಣಿಯ ದನಿಯಲ್ಲಿ ಎರಗುತ್ತಾನೆ. ಅವರು ಹೆದರಿ ಮುಟ್ಟುತ್ತಾರೆ. ಪ್ರಯೋಗ ಗೆದ್ದಿತು, ಆದರೆ ಅಪ್ಪಣೆ ಕೊಡುವವನ ಮತ್ತು ಪಾಲಿಸುವವರ ಹಳೆಯ ನಂಟು ಇನ್ನಷ್ಟು ಬಿಗಿಯಾಯಿತು. ತನ್ನೊಳಗಿನ ಹೇಸಿಗೆಯನ್ನು ಒಪ್ಪಿಕೊಳ್ಳಲಾರದ ಮನಸ್ಸು ಅದನ್ನು ಕೋಪವಾಗಿ ಕಕ್ಕುತ್ತದೆ. ಇಲ್ಲಿ ಲೇಖಕರು ತಮ್ಮ ನಾಯಕನನ್ನು ಒಂದಿಷ್ಟೂ ಕಾಪಾಡುವುದಿಲ್ಲ. ಅದೇ ಈ ದೃಶ್ಯದ ದೊಡ್ಡತನ.

ಅನಂತಮೂರ್ತಿಯವರದೇ ‘ಸಂಸ್ಕಾರ’ (1965) ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರಲ್ಲಿ ಮೈ ಮುಂದೆ ನಡೆದು, ಬುದ್ಧಿ ಆಮೇಲೆ ಲೆಕ್ಕ ಹಾಕುತ್ತದೆ. ಜಗನ್ನಾಥನಲ್ಲಿ ಬುದ್ಧಿ ಮುಂದೋಡಿದೆ, ಮೈ ಹಿಂದುಳಿದಿದೆ. ಅಭಿಪ್ರಾಯ ಬದಲಾದ ಮಾತ್ರಕ್ಕೆ ನಡತೆ ಬದಲಾಗದು ಎಂಬುದನ್ನು ತೋರಲು ಎರಡನೆಯದೇ ಹೆಚ್ಚು ಕಠಿಣವಾದ ದಾರಿ. ಪ್ರಾಣೇಶಾಚಾರ್ಯರು ಜಾರಿದರೆಂದು ಯಾರಿಗಾದರೂ ಗೊತ್ತಾಗುತ್ತದೆ. ಜಗನ್ನಾಥನ ಜಾರುವಿಕೆ ಆದರ್ಶದ ಉಡುಪಿನಲ್ಲಿದೆ.

ಕೊರತೆಯಿರುವುದು ಇನ್ನೊಂದು ಕಡೆ. ಈ ಒಳಜಗಳವೆಲ್ಲ ಜಗನ್ನಾಥನೊಬ್ಬನ ಸ್ವತ್ತಾಗಿಬಿಟ್ಟಿದೆ. ಸಾಲಿಗ್ರಾಮದೆದುರು ನಿಂತ ದಲಿತ ಯುವಕರ ಮನಸ್ಸಿನಲ್ಲೂ ಆಸೆ ಮತ್ತು ಭಯ ಸೆಣಸುತ್ತಿರಲೇಬೇಕು. ಕಾದಂಬರಿ ಅಲ್ಲಿಗೆ ಇಳಿಯುವುದಿಲ್ಲ. ಅವರು ಮೂಕ ಗುಂಪಾಗಿ ನಿಲ್ಲುತ್ತಾರೆ, ನಾಯಕನನ್ನು ಪರೀಕ್ಷಿಸಲು ಒದಗಿದ ಸಾಧನವಾಗುತ್ತಾರೆ. ಕೊನೆಗೆ ಮಂಜುನಾಥನನ್ನು ಗರ್ಭಗುಡಿಯಿಂದ ಕಿತ್ತು ಹೊಳೆಗೆಸೆಯುವವನೂ ಅರ್ಚಕರ ಮಗನೇ. ನಿರ್ಣಾಯಕ ಕ್ರಿಯೆಯೂ ಅಗ್ರಹಾರದ ಕೈತಪ್ಪುವುದಿಲ್ಲ. ಮುಂದೆ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜಕ್ಕಾಗಿ ಪರದಾಡುವ ದಲಿತ ಮಹಿಳೆ ಸಾಕವ್ವನನ್ನು ಕಂಡ ಓದುಗನಿಗೆ ಈ ಮೂಕತನ ಇನ್ನೂ ಹೆಚ್ಚು ಚುಚ್ಚುತ್ತದೆ.

ದಲಿತರ ಪರ ನಿಂತೂ ಅವರನ್ನು ಕಾಣದೆ ಹೋದದ್ದು ಜಗನ್ನಾಥನ ದೋಷ. ಅದನ್ನು ಅಷ್ಟು ಚೆನ್ನಾಗಿ ಹಿಡಿದ ಕಾದಂಬರಿಯೇ ಆ ದೋಷದಿಂದ ಪೂರ್ತಿ ಪಾರಾಗಿಲ್ಲ. ‘ಭಾರತೀಪುರ’ವನ್ನು ಇಂದು ಓದುವವರು ನಾಯಕನಿಗೆ ಕೇಳುವ ಪ್ರಶ್ನೆಯನ್ನು ಕೃತಿಗೂ ಕೇಳಬೇಕು. ಹಾಗೆ ಕೇಳಲು ಕಲಿಸಿದ್ದು ಕೃತಿಯೇ ಎಂಬುದು ಅದರ ಗೆಲುವು.