ಬಿಸಾಡಬೇಕಿದ್ದ ಭ್ರೂಣಗಳ ಕೆಲಸ

ಭ್ರೂಣದ ಆಕರಕೋಶವೆಂದರೆ ನಮ್ಮವರಿಗೆ ಒಂದೋ ಸಂಜೀವಿನಿ, ಇಲ್ಲವೇ ಗಾಂಧಾರಿಯ ಕುಡಿಕೆಗಳು. ಎರಡನೆಯದನ್ನು 2019ರ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಕುಲಪತಿಯೊಬ್ಬರೇ ಹೇಳಿದರು. ಈ ಗದ್ದಲದಲ್ಲಿ ಬೆಂಗಳೂರಿನ ಜಕ್ಕೂರಿನ ಕೆಲಸವೊಂದು ಯಾರ ಕಿವಿಗೂ ಬೀಳಲಿಲ್ಲ. ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಮನೀಷಾ ಇನಾಂದಾರ್ ಮತ್ತು ಸಂಗಡಿಗರು 2009ರಲ್ಲಿ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಎರಡು ಸೋದರ ಕೋಶಸಂತತಿಗಳನ್ನು ಪ್ರಕಟಿಸಿದರು.

ಅವನ್ನು ತೆಗೆದದ್ದು ಮೂರನೇ ದರ್ಜೆಯ ಭ್ರೂಣಗಳಿಂದ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಸೂಕ್ಷ್ಮದರ್ಶಕದಡಿ ಭ್ರೂಣದ ಚಂದ ನೋಡಿ ದರ್ಜೆ ಕೊಡುತ್ತಾರೆ. ಕೋಶಗಳು ಏರುಪೇರಾಗಿದ್ದರೆ, ಚೂರುಗಳು ತುಂಬಿದ್ದರೆ ಗರ್ಭಕ್ಕೆ ಸೇರಿಸದೆ ಬಿಟ್ಟುಬಿಡುತ್ತಾರೆ. ಅಂಥದ್ದರಲ್ಲೇ ಕೊನೆಯಿಲ್ಲದೆ ವಿಭಜಿಸುವ, ಬೇಕೆಂದಾಗ ಬೇರೆ ಬೇರೆ ಅಂಗಾಂಶಗಳಾಗಬಲ್ಲ ಕೋಶ ಸಿಕ್ಕಿತು. ಹಾಗಾದರೆ ದರ್ಜೆ ಅಳೆದದ್ದೇನು? ಗರ್ಭ ನಿಲ್ಲುವ ಸಾಧ್ಯತೆಯನ್ನು. ಒಳಗಿನ ಒಂದೊಂದು ಕೋಶದ ಕಸುವನ್ನಲ್ಲ. ಪ್ರಬಂಧದ ನಿಜವಾದ ತೂಕ ಇಲ್ಲಿದೆ. ಆಕರಕೋಶಕ್ಕಾಗಿ ಭ್ರೂಣವನ್ನು ನಾಶಮಾಡುವುದು ಹತ್ಯೆಯೆಂಬ ಆಕ್ಷೇಪವೂ ಇಲ್ಲಿ ಮೊಂಡಾಗುತ್ತದೆ, ಪೂರ್ತಿ ತೀರುವುದಿಲ್ಲ: ಬಿಸಾಡುವುದೂ ಒಬ್ಬರ ತೀರ್ಮಾನವೇ ತಾನೆ?

ಕೊರತೆಯೂ ಉಂಟು. ಎರಡೂ ಒಂದೇ ಕುಟುಂಬದವು. ಅವನ್ನು 'ಭಾರತೀಯ ಕೋಶ' ಎಂದು ಮೆರೆಸುವುದು ಅತಿಯಾಯಿತು.

'ಯಮನಾಕ ಬಂದ ಮೇಲೆ ಭ್ರೂಣಕೋಶದ ಕಥೆ ಮುಗಿಯಿತು' ಎನ್ನುವ ವಿಜ್ಞಾನ ಬರಹಗಾರರ ಮಾತು ಮಾತ್ರ ನನಗೆ ಸಹಿಸಲಾಗದು. 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ಇಲಿಯ ಚರ್ಮಕೋಶವನ್ನು ಭ್ರೂಣಕೋಶದಂಥ ಸ್ಥಿತಿಗೆ ಹಿಂದಕ್ಕೆ ತಿರುಗಿಸಿದ್ದು ನಿಜ. ಆದರೆ ಅವರು ಮೊದಲು ಆರಿಸಿಕೊಂಡ 24 ಜೀನ್‌ಗಳು ಎಲ್ಲಿಂದ ಬಂದವು? ಬಹುಮಟ್ಟಿಗೆ ಭ್ರೂಣಕೋಶದ ಅಧ್ಯಯನದಿಂದಲೇ. ಅವುಗಳಲ್ಲಿ ನಾಲ್ಕು ಸಾಕೆಂದು ಗೊತ್ತಾದದ್ದು ಆಮೇಲೆ. ಹೊಸ ಕೋಶ ಸರಿಯಾಗಿದೆಯೇ ಎಂದು ಒರೆಹಚ್ಚಿದ್ದೂ ಹಳೆಯದಕ್ಕೇ. ತಾಯಿಬೇರನ್ನು ಕಡಿದು ಫಲ ಹೊಗಳುವ ವಿಮರ್ಶೆ ಇದು. ಜಕ್ಕೂರಿನ ಕೋಶಗಳೂ ಸುಮ್ಮನೆ ಕೂತಿಲ್ಲ. 2018ರಲ್ಲಿ ಅದೇ ತಂಡ ಬಿಜೆಎನ್‌ಹೆಮ್20ರಲ್ಲಿ ಓಸಿಯಾಡ್1 ಎಂಬ ಪ್ರೋಟೀನನ್ನು ತಗ್ಗಿಸಿ, ಹೆಚ್ಚಿಸಿ ನೋಡಿತು. ಕೋಶದ ಶಕ್ತಿ ಉತ್ಪಾದನೆಗೆ ಅದು ಕಡಿವಾಣ ಹಾಕುತ್ತದೆಂದು ತೋರಿಸಿತು.

ಇದರಲ್ಲಿ ಚಿಕಿತ್ಸೆ ಎಲ್ಲಿದೆ ಎಂದು ಕೇಳುವವರಿಗೆ: ಇದರಲ್ಲಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಚಿಕಿತ್ಸೆಯೆಂದು ಒಪ್ಪಿದ್ದು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತಜನಕ ಆಕರಕೋಶ ಕಸಿಯನ್ನು ಮಾತ್ರ; ಅದು ಭ್ರೂಣದಿಂದ ಬಂದದ್ದಲ್ಲ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗಕ್ಕೆ ಒಳಗಾದವರಿಂದ ಹಣ ಪಡೆಯುವಂತಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಮಗುವನ್ನು ಎತ್ತಿಕೊಂಡು ಆಕರಕೋಶ ಚಿಕಿತ್ಸೆಗೆಂದು ದೊಡ್ಡ ಊರಿನ ಆಸ್ಪತ್ರೆಗೆ ಹೊರಟವರು ಹೊಲ ಅಡವಿಡುವ ಮುಂಚೆ ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಿ.