ಪಾಠ ಮುಗಿದ ಮೇಲಿನ ಶಾಲೆ

ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಹಳ್ಳಿಗಳಲ್ಲಿ ಐದನೇ ಇಯತ್ತೆಯ ಮಗು ಇರುವ ಮನೆಯಲ್ಲಿ ವರ್ಷವಿಡೀ ಒಂದೇ ಮಾತು: ನವೋದಯ ಆಗ್ತದೋ, ಮೊರಾರ್ಜಿ ಆಗ್ತದೋ? ಮಳೆ ಕೈಕೊಟ್ಟ ವರ್ಷ ಗೋವಾದ ಕಟ್ಟಡ ಕೆಲಸಕ್ಕೋ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲಿಕ್ಕೋ ಗುಳೆ ಹೋಗುವ ಕುಟುಂಬಕ್ಕೆ ವಸತಿ ಶಾಲೆಯ ಸೀಟು ಸಿಕ್ಕಿತೆಂದರೆ ಮಗುವಿನ ಓದು ಉಳಿಯಿತು ಎಂದೇ ಅರ್ಥ. ಇಷ್ಟು ದೊಡ್ಡ ಭಾರ ಹೊತ್ತ ಸಂಸ್ಥೆಯನ್ನು ನಾವು ಅಳೆಯುವುದು ಮಾತ್ರ ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ. ಅದು ಸಾಲದು. ದಿನದ ಆರೇಳು ತಾಸು ಪಾಠಕ್ಕೆ ಹೋಗುತ್ತದೆ. ಉಳಿದ ತಾಸುಗಳನ್ನು ಶಾಲೆ ಹೇಗೆ ಬಳಸುತ್ತದೆ ಎಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳುವುದಿಲ್ಲ.

ಉಣ್ಣಲಿಟ್ಟು ಓದಿಸುವ ರೂಢಿ ಈ ಭಾಗಕ್ಕೆ ಸರ್ಕಾರದಿಂದ ಬಂದದ್ದಲ್ಲ. ವಚನಗಳ ಕಟ್ಟುಗಳನ್ನು ಹುಡುಕಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರೇ 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. ಅದನ್ನು ಬೆಳೆಸಿದವರಲ್ಲಿ ಬಂಥನಾಳದ ಸಂಗನಬಸವ ಶಿವಯೋಗಿಗಳು ಪ್ರಮುಖರು. ಉತ್ತರ ಕರ್ನಾಟಕದ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ತಲೆಮಾರುಗಳೇ ಇವೆ. ಸರ್ಕಾರ ಬಂದದ್ದು ಆಮೇಲೆ: 1963ರಲ್ಲಿ ವಿಜಾಪುರದ ಸೈನಿಕ ಶಾಲೆ, 1986ರ ಶಿಕ್ಷಣ ನೀತಿಯ ಬೆನ್ನಿಗೆ ನವೋದಯ, ತೊಂಬತ್ತರ ದಶಕದಲ್ಲಿ ಮೊರಾರ್ಜಿ ದೇಸಾಯಿ ಶಾಲೆಗಳು. ಜಿಲ್ಲೆಯ ನವೋದಯ ಶಾಲೆ ಇರುವುದು ಆಲಮಟ್ಟಿಯಲ್ಲಿ, ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟ ಸೀಮೆಯಲ್ಲಿ. ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೇ ಮೀಸಲಿಟ್ಟ ಅದರ ನಿಯಮವನ್ನು ನಾನು ದೊಡ್ಡ ನ್ಯಾಯವೆಂದೇ ತಿಳಿದಿದ್ದೇನೆ.

ಇದನ್ನೆಲ್ಲ ತೂಗಿ ನೋಡಲು ನಾನು ದೂರದ ಒಂದು ಪರಂಪರೆಯನ್ನು ಎದುರಿಗಿಟ್ಟುಕೊಂಡಿದ್ದೇನೆ. ಕ್ವೇಕರರು ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಪಂಗಡ. ಇಂಗ್ಲೆಂಡಿನ ಅವರ ಸಭೆಗಳಲ್ಲಿ ಪುರೋಹಿತನಿಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ, ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ವೈದ್ಯ ಜಾನ್ ಫಾದರ್‌ಗಿಲ್ ಮುಂದೆ ನಿಂತು 1779ರಲ್ಲಿ ಯಾರ್ಕ್‌ಶೈರಿನ ಹಳ್ಳಿಯೊಂದರಲ್ಲಿ ಆಕ್‌ವರ್ತ್ ಶಾಲೆ ತೆರೆಸಿದ. ಅದು ಅನುಕೂಲವಿಲ್ಲದ ಕ್ವೇಕರ್ ಮನೆಗಳ ಮಕ್ಕಳಿಗಾಗಿ. ತಮ್ಮವರಿಗೆ ಮಾತ್ರ ಎಂಬ ಆ ಬೇಲಿ ನಮ್ಮಲ್ಲೂ ಇತ್ತು: ಜಾತಿಗೊಂದು ಬೋರ್ಡಿಂಗ್ ಇದ್ದ ಕಾಲ ಬಹಳ ಹಿಂದಿನದೇನಲ್ಲ. ಅಮೆರಿಕದ ಅಯೋವಾದ ಬಯಲಿನಲ್ಲಿ 1890ರಲ್ಲಿ ಶುರುವಾದ ಸ್ಕ್ಯಾಟರ್‌ಗುಡ್ ಶಾಲೆಯ ಕತೆ ಇನ್ನೂ ದೊಡ್ಡದು. ಬಾಗಿಲು ಮುಚ್ಚಿದ್ದ ಆ ಶಾಲೆ 1939ರಿಂದ 1943ರವರೆಗೆ ಹಿಟ್ಲರನ ಯುರೋಪಿನಿಂದ ಓಡಿಬಂದ ನಿರಾಶ್ರಿತರ ವಸತಿಯಾಯಿತು. 1944ರಲ್ಲಿ ಮತ್ತೆ ಶಾಲೆಯಾಗಿ ತೆರೆದಾಗ ಹೊಲವೂ ಅಡಿಗೆಮನೆಯೂ ಕಲಿಕೆಯ ಭಾಗವಾದವು. ದನ ಮೇಯಿಸುವುದು, ಕಾಯಿಪಲ್ಲೆ ಬೆಳೆಯುವುದು, ಪಾತ್ರೆ ತಿಕ್ಕುವುದು ಸರದಿಯ ಪ್ರಕಾರ, ಶಿಕ್ಷಕರೂ ಸೇರಿದಂತೆ.

ಇಲ್ಲಿ ಅವಸರದ ಹೊಗಳಿಕೆ ಅಪಾಯಕಾರಿ. ಕೈಕೆಲಸ ಕಲಿಸಬೇಕು ಎಂದು ನಮ್ಮ ಶಾಲೆಗಳಿಗೆ ಹೇಳುವುದು ಸುಲಭ. ಆದರೆ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಯಾರ ಕೈಗೆ ಪೊರಕೆ ಕೊಡಬೇಕೆಂದು ಜಾತಿಯೇ ಮೊದಲು ತೀರ್ಮಾನಿಸಿರುವ ಸಮಾಜದಲ್ಲಿ ಕೆಲಸ ಶಿಕ್ಷಣವಾಗುವುದಕ್ಕಿಂತ ಮುಂಚೆ ಶಿಕ್ಷೆಯಾಗಿಬಿಡುತ್ತದೆ. ಅದಕ್ಕೆ ನಾನು ಸ್ಕ್ಯಾಟರ್‌ಗುಡ್‌ನ ಹೊಲಕ್ಕಿಂತ ಅಲ್ಲಿನ ಸರದಿ ಪಟ್ಟಿಯನ್ನು ಹೆಚ್ಚು ಮೆಚ್ಚುತ್ತೇನೆ. ಮುಖ್ಯೋಪಾಧ್ಯಾಯರ ಹೆಸರೂ ಬರುವ ಪಟ್ಟಿಯಲ್ಲಿ ಮಾತ್ರ ಮಗುವಿನ ಹೆಸರು ಬರಬೇಕು. ಹಾಗಿಲ್ಲದಿದ್ದರೆ ಮಕ್ಕಳ ಕೈಗೆ ಪೊರಕೆ ಬೇಡವೇ ಬೇಡ.

ಎರಡನೆಯದು ಮಾತಿನ ಪ್ರಶ್ನೆ. ಕ್ವೇಕರ್ ಸಭೆ ಕೈಯೆತ್ತಿಸಿ ಮತ ಎಣಿಸುವುದಿಲ್ಲ. ಒಪ್ಪದವನ ಮಾತು ತೀರುವವರೆಗೆ ಕಾಯುತ್ತದೆ. ಬಸವಣ್ಣ ಹುಟ್ಟಿದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅನುಭವ ಮಂಟಪದ ಕತೆ ಕೇಳಿಯೇ ಬೆಳೆದಿದ್ದೇವೆ. ಆದರೂ ನಮ್ಮ ವಸತಿ ಶಾಲೆಗಳಲ್ಲಿ ಸಾಂಬಾರು ನೀರಾಗಿದೆ, ಹಾಸಿಗೆಯಲ್ಲಿ ತಿಗಣೆ ಇದೆ ಎಂದು ಹೇಳಲು ಮಗುವಿಗೆ ನಿರ್ಭಯದ ಒಂದು ಜಾಗ ಸಾಮಾನ್ಯವಾಗಿ ಇರುವುದಿಲ್ಲ. ದೂರು ಹೊರಗೆ ಬರುವುದು ಮಕ್ಕಳು ಆಸ್ಪತ್ರೆ ಸೇರಿದ ಮೇಲೆ. ವಾರಕ್ಕೊಂದು ತಾಸು ಎಲ್ಲರೂ ನೆಲದ ಮೇಲೆ ಸುತ್ತ ಕೂತು ಮಾತಾಡುವ ಸಭೆಗೆ ಯಾವ ಅನುದಾನವೂ ಬೇಕಿಲ್ಲ.

ಕ್ವೇಕರರ ಕೈಯಿಂದಲೇ ಆದ ಅನ್ಯಾಯವನ್ನೂ ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಮಾಡಿ, ಅವರ ನುಡಿ-ಉಡುಗೆಗಳನ್ನು ಬಿಡಿಸಿದ ವಸತಿ ಶಾಲೆಗಳಲ್ಲಿ ಕೆಲವನ್ನು ನಡೆಸಿದವರು ಅವರೇ. ಶಾಂತಿ, ಸಮಾನತೆ ಎನ್ನುತ್ತಿದ್ದ ಒಳ್ಳೆಯ ಜನ, ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿ, ಮಕ್ಕಳಿಂದ ತಾಯ್ನುಡಿ ಕಸಿದರು. ನನ್ನ ಓದಿನಲ್ಲಿ ನನ್ನನ್ನು ಬಹಳ ಕಲಕಿದ್ದು ಇದೇ. ನವೋದಯದಲ್ಲಿ ಮೇಲಿನ ತರಗತಿಗೆ ಬಂದಂತೆ ಗಣಿತ-ವಿಜ್ಞಾನ ಇಂಗ್ಲಿಷಿಗೆ ಹೊರಳುತ್ತವೆ. ಇದು ಆ ಕ್ರೌರ್ಯಕ್ಕೆ ಸಮವಲ್ಲ. ತಂದೆ-ತಾಯಿಯೇ ಬಯಸಿ ಕಳಿಸುತ್ತಾರೆ. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸುವ ನವೋದಯದ ಪದ್ಧತಿಯಂತೂ ಶ್ರೇಷ್ಠವಾದದ್ದು. ಆದರೆ ಬಿಳಿಜೋಳದ ಬಿತ್ತಿಗೆ ಯಾವಾಗ, ಎರಿ ಹೊಲ ಯಾಕೆ ಬಿರಿಯುತ್ತದೆ, ಅಪ್ಪ ಗೋವಾದಲ್ಲಿ ಯಾವ ಕರಾರಿನ ಮೇಲೆ ದುಡಿಯುತ್ತಾನೆ ಎಂಬುದು ಪಾಠದೊಳಗೆ ಬಾರದಿದ್ದರೆ, ಮಗು ತನ್ನ ಮನೆಯನ್ನು ನಾಚಿಕೆಯ ಕಣ್ಣಿಂದ ನೋಡಲು ಕಲಿಯುತ್ತದೆ. ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಲ್ಲಿ ಕಿಶೋರ್ ಭಾರತಿ ಎಂಬ ಸಂಸ್ಥೆಯೊಂದಿಗೆ ಸೇರಿ ಹಳ್ಳಿಯ ಸುತ್ತಲಿನ ವಸ್ತುಗಳಿಂದಲೇ ವಿಜ್ಞಾನ ಕಲಿಸುವ ಪ್ರಯೋಗಕ್ಕೆ ಕೈಹಾಕಿದ್ದು ರಸೂಲಿಯಾದ ಕ್ವೇಕರ್ ಕೇಂದ್ರ. ಅವರ ಹಿಂದಿನ ತಪ್ಪಿಗೆ ಇದು ಪರಿಹಾರವಲ್ಲ. ಆದರೆ ಆ ದಾರಿ ನಮಗೂ ತೆರೆದಿದೆ.

ಕೊನೆಗೆ ರಜೆಯ ಮಾತು. ದಸರೆಗೆ ಶಾಲೆ ಬಾಗಿಲು ಹಾಕುವ ಹೊತ್ತಿಗೆ ಕಬ್ಬಿನ ಹಂಗಾಮಿನ ಟ್ರ್ಯಾಕ್ಟರು ಊರು ಬಿಡಲು ಸಜ್ಜಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಎಷ್ಟೋ ಮನೆಗಳಿಗೆ ಬೀಗ. ಆ ಮನೆಗಳ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಅಪ್ಪ-ಅವ್ವನ ಹಿಂದೆ ಕೆಲಸದ ಜಾಗಕ್ಕೆ ಹೋಗುತ್ತಾರೆ. ಕೆಲವರು ಜೂನಿನಲ್ಲಿ ತಡವಾಗಿ ಬರುತ್ತಾರೆ. ಬಡಮಕ್ಕಳಿಗೆಂದೇ ಇರುವ ವಸತಿ ಶಾಲೆಯ ವೇಳಾಪಟ್ಟಿ ಊರಲ್ಲೇ ಇರುವ ತಂದೆ-ತಾಯಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಡಿಗೆಯವರಿಗೆ, ವಾರ್ಡನ್ನರಿಗೆ ಪಾಳಿಯ ಮೇಲೆ ರಜೆ ಕೊಟ್ಟು, ಗುಳೆ ಹೋದವರ ಮಕ್ಕಳಿಗಾದರೂ ಏಪ್ರಿಲ್-ಮೇ ತಿಂಗಳಲ್ಲಿ ಒಂದು ನಿಲಯವನ್ನು ತೆರೆದಿಡಬೇಕು. ತಾಲೂಕಿಗೆ ಒಂದಾದರೂ ಸಾಕು, ಮುದ್ದೇಬಿಹಾಳದಿಂದಲೇ ಶುರುವಾಗಲಿ.